ಸಹಾಯ ಬೇಕು: ಅಕ್ಕನ ಕ್ಯಾನ್ಸರ್ ಜೀನೋಮಿಕ್ಸ್ ಪೇಪರ್‌ಗಳ ಸೈಟೇಷನ್ ಲೆಕ್ಕ

ಎಲ್ರಿಗೂ ನಮಸ್ಕಾರ. ರಿಸರ್ಚ್‌ನಲ್ಲಿರೋರು, ಯೂನಿವರ್ಸಿಟಿ ಲೈಬ್ರರಿಲಿ ಕೆಲಸ ಮಾಡೋರು ಇದ್ರೆ ದಯವಿಟ್ಟು ಓದಿ. ನಮ್ಮಕ್ಕ ಇಲ್ಲೇ ಬೆಂಗಳೂರಲ್ಲಿ ಬಾಯಿ ಕ್ಯಾನ್ಸರ್ ಜೀನೋಮಿಕ್ಸ್ ಮೇಲೆ ಕೆಲಸ ಮಾಡ್ತಾಳೆ, ಈಗ ಫ್ಯಾಕಲ್ಟಿ ಪೋಸ್ಟ್‌ಗೆ ಅಪ್ಲೈ ಮಾಡ್ತಿದಾಳೆ, ಫಾರ್ಮಲ್ಲಿ ಒಟ್ಟು ಸೈಟೇಷನ್ (ಬೇರೆ ಪೇಪರ್‌ಗಳು ಅವಳ ಪೇಪರನ್ನ ಎಷ್ಟು ಸಲ ಉಲ್ಲೇಖಿಸಿವೆ ಅನ್ನೋ ಲೆಕ್ಕ), ಎಚ್-ಇಂಡೆಕ್ಸ್ ಎರಡೂ ಕೇಳಿದಾರೆ.

ತೊಂದರೆ ಏನಂದ್ರೆ ನಮ್ ಕಡೆ ಸರ್‌ನೇಮ್ ಇಲ್ಲ, ಬರೀ ಇನಿಷಿಯಲ್ ಅಲ್ವಾ, ಒಂದು ಜರ್ನಲ್‌ನವ್ರು ಊರಿನ ಹೆಸರನ್ನೇ ಸರ್‌ನೇಮ್ ಮಾಡಿದಾರೆ, ಇನ್ನೊಬ್ರು ಅಪ್ಪನ ಹೆಸರು ಹಾಕಿದಾರೆ, ಹಂಗಾಗಿ ಸ್ಕೋಪಸ್‌ನಲ್ಲಿ (ರಿಸರ್ಚ್ ಪೇಪರ್, ಸೈಟೇಷನ್‌ಗಳ ಡೇಟಾಬೇಸ್) ಅವಳ ಹೆಸರಲ್ಲಿ ಎರಡು ಪ್ರೊಫೈಲ್ ಆಗಿ ಪೇಪರೆಲ್ಲಾ ಹಂಚಿಹೋಗಿವೆ. ಗೂಗಲ್ ಸ್ಕಾಲರ್‌ನಲ್ಲಿ ಪ್ರಿಪ್ರಿಂಟು (ಜರ್ನಲ್‌ನಲ್ಲಿ ಬರೋಕೆ ಮುಂಚೆ ಆನ್‌ಲೈನ್ ಹಾಕಿದ ಪ್ರತಿ), ಜರ್ನಲ್ ವರ್ಷನ್ನು ಬೇರೆಬೇರೆ ತೋರಿಸ್ತಿತ್ತು, ಎರಡನ್ನೂ ಟಿಕ್ ಮಾಡಿ ಮರ್ಜ್ ಕೊಟ್ಟ ಮೇಲೆ ಸರಿಹೋಯ್ತು. ಸ್ಕೋಪಸ್‌ನಲ್ಲಿ ಮರ್ಜ್ ರಿಕ್ವೆಸ್ಟ್ ಹಾಕ್ಬೇಕಂತೆ. ಮೊದಲು ಆರ್ಕಿಡ್ ಐಡಿ (ರಿಸರ್ಚರ್‌ಗಳ ಗುರುತಿನ ನಂಬರ್) ಲಿಂಕ್ ಮಾಡ್ಬೇಕಾ, ಇಲ್ಲಾ ಮರ್ಜ್ ಆದ್ಮೇಲಾ? ಎಷ್ಟು ದಿನ ಹಿಡಿಯತ್ತೆ?

ಇನ್ನೊಂದು, ಇದು ನಂಗೆ ಮುಖ್ಯ ಅನ್ಸತ್ತೆ. ಅವಳ ಹೆಸರು ಒಂದು ದೊಡ್ಡ ಕನ್ಸಾರ್ಟಿಯಂ (ಹಲವು ಸಂಸ್ಥೆಗಳು ಸೇರಿ ಮಾಡಿದ) ಪೇಪರಲ್ಲಿದೆ, ನೂರಾರು ಆಥರ್‌ಗಳು, ಒಟ್ಟು ಸೈಟೇಷನ್‌ನಲ್ಲಿ ಮುಕ್ಕಾಲು ಪಾಲು ಅದರದ್ದೇ. ಆದ್ರೆ ಎಚ್-ಇಂಡೆಕ್ಸ್ 10 ಅಂದ್ರೆ ತಲಾ ಕನಿಷ್ಠ 10 ಸೈಟೇಷನ್ ಇರೋ 10 ಪೇಪರು, ಅಲ್ಲಿ ಆ ದೊಡ್ಡ ಪೇಪರೂ ಒಂದೇ ಲೆಕ್ಕ. ಅವಳೇ ಫಸ್ಟ್ ಆಥರ್ ಆಗಿ, ಪೇಷಂಟ್ ಸ್ಯಾಂಪಲ್‌ಗಳ ಮ್ಯುಟೇಷನ್ ಒಂದೊಂದಾಗಿ ನೋಡಿ ಬರೆದ ಪೇಪರ್‌ಗೆ ಸೈಟೇಷನ್ ಕಮ್ಮಿ, ಆದ್ರೆ ನಿಜವಾದ ಕೆಲಸ ಅದೇ. ಕನ್ಸಾರ್ಟಿಯಂ ಪೇಪರ್ ಸೇರಿಸಿ ಒಂದು ಲೆಕ್ಕ, ಬಿಟ್ಟು ಒಂದು ಲೆಕ್ಕ ಅಂತ ಎರಡೂ ಬರೆದ್ರೆ ಕಮಿಟಿಯವ್ರು ಒಪ್ತಾರಾ? ಸೆಲೆಕ್ಷನ್ ಕಮಿಟಿಲಿ ಕೂತಿರೋರು ಯಾರಾದ್ರೂ ಹೇಳಿ ಪ್ಲೀಸ್, ಲಾಸ್ಟ್ ಡೇಟ್ ಹತ್ರ ಬಂದಿದೆ.