ಯೋಬನ ಗ್ರಂಥದ ಗಿಡುಗ ಮತ್ತು ನಾಗಾಲ್ಯಾಂಡಿನ ಅಮೂರ್ ಫಾಲ್ಕನ್: ಅಶುದ್ಧವೆಂದ ಹಕ್ಕಿಯನ್ನೇ ದೇವರು ತೋರಿಸಿದ್ದೇಕೆ?

ಪ್ರಶ್ನೆ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ನಾನು ನಮ್ಮ ಸಭೆಯ ಭಾನುವಾರದ ಶಾಲೆಯಲ್ಲಿ ದೊಡ್ಡ ಮಕ್ಕಳ ತರಗತಿಗೆ ಪಾಠ ಹೇಳುತ್ತೇನೆ. ಕಳೆದ ವಾರ ಯೋಬನ ಗ್ರಂಥದ 39ನೆಯ ಅಧ್ಯಾಯವನ್ನು ಓದಿದೆವು. ಗಿಡುಗವು ರೆಕ್ಕೆ ಹರಡಿ ದಕ್ಷಿಣಕ್ಕೆ ಹಾರುವುದು ನಿನ್ನ ವಿವೇಕದಿಂದಲೋ ಎಂದು ದೇವರು ಯೋಬನನ್ನು ಕೇಳುವ 26ನೆಯ ವಚನಕ್ಕೆ ಉದಾಹರಣೆಯಾಗಿ, ಸೈಬೀರಿಯದಿಂದ ಹೊರಟು ನಾಗಾಲ್ಯಾಂಡಿನಲ್ಲಿ ತಂಗಿ ಆಫ್ರಿಕಕ್ಕೆ ಹೋಗುವ ಅಮೂರ್ ಫಾಲ್ಕನ್ ಎಂಬ ಬೇಟೆಹಕ್ಕಿಯ ವಿಷಯ ಹೇಳಿದೆ. ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಎರಡು ಪ್ರಶ್ನೆ ಕೇಳಿದಳು. ಯಾಜಕಕಾಂಡದ 11ನೆಯ ಅಧ್ಯಾಯದಲ್ಲಿ ಹೇಯವೆಂದು ದೂರವಿಟ್ಟ ಹಕ್ಕಿಯನ್ನು ದೇವರು ಯೋಬನಿಗೆ ಅಷ್ಟು ಅಭಿಮಾನದಿಂದ ತೋರಿಸಿದ್ದೇಕೆ? ನಾಗಾಲ್ಯಾಂಡಿನಲ್ಲಿ ಅದನ್ನು ಲಕ್ಷಗಟ್ಟಲೆ ಕೊಂದವರು ನಮ್ಮಂತೆಯೇ ವಿಶ್ವಾಸಿಗಳಾಗಿದ್ದರಲ್ಲ, ಅವರು ಮಾಡಿದ್ದು ಪಾಪವೇ? ಮುಂದಿನ ವಾರ ಉತ್ತರ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ. ತಿಳಿದವರು ದಯವಿಟ್ಟು ಸಹಾಯ ಮಾಡಬೇಕು.

ಉತ್ತರ 1

ವಂದನೆಗಳು, ಸಹೋದರಿ. ವೇದಾಂಶವನ್ನು ಬಲ್ಲವರು ವಿವರಿಸಲಿ. ಹಲವು ವರ್ಷಗಳಿಂದ ಪಕ್ಷಿವೀಕ್ಷಣೆ ಮಾಡುತ್ತಿರುವ ನಾನು ಹಕ್ಕಿಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅದರ ಗುಣಗಳನ್ನು ಅರಿತರೆ ಆ ವಚನ ಇನ್ನಷ್ಟು ತೆರೆದುಕೊಳ್ಳುತ್ತದೆ.

ಈ ಹಕ್ಕಿಯ ತೂಕ ಸುಮಾರು 150 ಗ್ರಾಂ, ಅಂದರೆ ಒಂದು ಪಾರಿವಾಳದ ಅರ್ಧದಷ್ಟೂ ಇಲ್ಲ. ಗಂಡಿನ ಮೈ ಬೂದು, ತೊಡೆಯ ಗರಿಗಳು ಇಟ್ಟಿಗೆಗೆಂಪು. ಹೆಣ್ಣಿನ ಬಿಳಿಯ ಎದೆಯ ಮೇಲೆ ಕಪ್ಪು ಗೆರೆಗಳು. ಆಗ್ನೇಯ ಸೈಬೀರಿಯ, ಉತ್ತರ ಚೀನಾಗಳಲ್ಲಿ ಮರಿ ಮಾಡುತ್ತದೆ, ಆದರೆ ತಾನಾಗಿ ಗೂಡು ಕಟ್ಟುವುದಿಲ್ಲ, ಬೇರೆ ಹಕ್ಕಿಗಳು ಬಿಟ್ಟುಹೋದ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಈಶಾನ್ಯ ಭಾರತಕ್ಕೆ ಬಂದು, ರೆಕ್ಕೆ ಮೂಡಿ ನೆಲದಿಂದೇಳುವ ಗೆದ್ದಲನ್ನು, ಅಂದರೆ ಮಳೆಯ ಹಿಂದೆಯೇ ನಮ್ಮ ಹೊಲಗಳಲ್ಲಿ ಹೊರಡುವ ಈಸಲು ಹುಳುವನ್ನು, ಹಾರುತ್ತಲೇ ಹಿಡಿದು ತಿಂದು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಆ ಕೊಬ್ಬಿನ ಬಲದಿಂದಲೇ ಅದು ಭಾರತದ ಪರ್ಯಾಯ ದ್ವೀಪವನ್ನೂ ಅರಬ್ಬೀ ಸಮುದ್ರವನ್ನೂ ದಾಟುತ್ತದೆ. 3,000 ಕಿಲೋಮೀಟರಿಗೂ ಮಿಕ್ಕಿದ ಈ ಹಾರಾಟದಲ್ಲಿ ಸಮುದ್ರದ ಮೇಲೆ ಕಾಲೂರಲು ಒಂದು ರೆಂಬೆಯೂ ಸಿಗುವುದಿಲ್ಲ. ಅದೇ ಕಾಲದಲ್ಲಿ ಸಮುದ್ರ ದಾಟುವ ಏರೋಪ್ಲೇನ್ ಚಿಟ್ಟೆಗಳು ದಾರಿಯಲ್ಲಿ ಅದಕ್ಕೆ ಆಹಾರವಾಗಬಹುದೆಂದು ವಿಜ್ಞಾನಿಗಳು ಊಹಿಸುತ್ತಾರೆ. ಇಷ್ಟನ್ನು ಕಲಿತ ಮೇಲೂ ದೇವರು ಯೋಬನಿಗೆ ಹಾಕಿದ ಪ್ರಶ್ನೆಗೆ ಹೌದು, ನನ್ನ ವಿವೇಕದಿಂದಲೇ ಎಂದು ಹೇಳುವ ಧೈರ್ಯ ನನಗೆ ಬಂದಿಲ್ಲ.

ಉತ್ತರ 2

ಆ ಹುಡುಗಿಯ ಮೊದಲ ಪ್ರಶ್ನೆ ಆಳವಾದದ್ದು. ಯೋಬನ ಗ್ರಂಥದಲ್ಲಿ ಗಿಡುಗವೆಂದು ಅನುವಾದಗೊಂಡಿರುವ ಹೀಬ್ರೂ ಪದ ‘ನೇಟ್ಸ್’. ಹಳೆಯ ಒಡಂಬಡಿಕೆಯಲ್ಲಿ ಅದು ಬರುವುದು ಮೂರೇ ಕಡೆ: ಯಾಜಕಕಾಂಡ 11:16, ಧರ್ಮೋಪದೇಶಕಾಂಡ 14:15 ಮತ್ತು ಯೋಬ 39:26. ಆದುದರಿಂದ ಇವು ಬೇರೆ ಬೇರೆ ಹಕ್ಕಿಗಳೆಂದು ಹೇಳಿ ನಾವು ತಪ್ಪಿಸಿಕೊಳ್ಳುವಂತಿಲ್ಲ. ಯಾಜಕಕಾಂಡವು ‘ಅದರ ಜಾತಿ’ ಎಂದೂ ಸೇರಿಸುವುದರಿಂದ, ಸಣ್ಣ ಗಿಡುಗಗಳೂ ಚಾಣಗಳೂ (ಅಂದರೆ ಫಾಲ್ಕನ್ ಗುಂಪಿನ ಹಕ್ಕಿಗಳೂ) ಆ ಒಂದೇ ಹೆಸರಿನಡಿ ಬಂದಿರಬಹುದು. ಶರತ್ಕಾಲದಲ್ಲಿ ಇಸ್ರಾಯೇಲಿನ ಆಕಾಶದಲ್ಲಿ ಇಂಥ ಹಕ್ಕಿಗಳು ಆಫ್ರಿಕದ ಕಡೆಗೆ ಸಾಗುವುದನ್ನು ಇಂದಿಗೂ ಕಾಣಬಹುದು. ಅಮೂರ್ ಫಾಲ್ಕನ್ನಿನ ಹಾದಿ ಅಲ್ಲಿಂದ ದೂರ, ಯೋಬನು ಅದನ್ನು ಕಂಡಿರಲಾರನು. ಈ ವ್ಯತ್ಯಾಸವನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿಬಿಡಿ.

ಇನ್ನು ಅಶುದ್ಧತೆಯ ಮಾತು. ಯಾಜಕಕಾಂಡದ ಆ ಭಾಗ ಇಸ್ರಾಯೇಲ್ಯರ ಊಟಕ್ಕೆ ಹಾಕಿದ ಮೇರೆ. ಹಕ್ಕಿಯ ಸೃಷ್ಟಿಯಲ್ಲಿ ದೋಷವಿದೆಯೆಂದು ಅಲ್ಲಿ ಎಲ್ಲಿಯೂ ಹೇಳಿಲ್ಲ. ಆದಿಕಾಂಡ 1:21ರಲ್ಲಿ ರೆಕ್ಕೆಯುಳ್ಳ ಸಕಲ ಜಾತಿಗಳನ್ನೂ ದೇವರು ಒಳ್ಳೆಯದೆಂದು ಕಂಡನು, ಮರುವಚನದಲ್ಲೇ ಪಕ್ಷಿಗಳು ಹೆಚ್ಚಲಿ ಎಂದು ಆಶೀರ್ವದಿಸಿದನು. ಮನುಷ್ಯನಿಗೆ ಅಂಥ ಆಶೀರ್ವಾದ ದೊರೆತದ್ದು 28ನೆಯ ವಚನದಲ್ಲಿ, ಅಂದರೆ ಪಕ್ಷಿಗಳ ನಂತರ. ನನಗನ್ನಿಸುವಂತೆ ಯೋಬನ ಗ್ರಂಥದ ಈ ಅಧ್ಯಾಯದ ತಿರುಳು ಇಲ್ಲೇ ಇದೆ. ಕಾಡುಕತ್ತೆ, ಉಷ್ಟ್ರಪಕ್ಷಿ, ಗಿಡುಗ, ಹದ್ದು ಇವುಗಳಲ್ಲಿ ಯಾವುದೂ ಯೋಬನ ಹಟ್ಟಿಯದಲ್ಲ, ಅವನ ಪಂಕ್ತಿಯದೂ ಅಲ್ಲ. ಮನುಷ್ಯನಿಗೆ ಉಪಯೋಗವಿಲ್ಲದ ಜೀವಿಗಳನ್ನೂ ದೇವರು ಅಕ್ಕರೆಯಿಂದ ಸಾಕುತ್ತಿದ್ದಾನೆಂಬುದನ್ನು, ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಮನುಷ್ಯನು ಕಾಣಬೇಕಾಗಿತ್ತು.

ಉತ್ತರ 3

ಹಾಗಾದರೆ ಎರಡನೆಯ ಪ್ರಶ್ನೆಗೆ ಉತ್ತರ ಸುಲಭವಲ್ಲವೇ? ಯಾಜಕಕಾಂಡ ತಿನ್ನಬಾರದೆಂದ ಹಕ್ಕಿಯನ್ನು ತಿಂದದ್ದು ಆಜ್ಞೆಯ ಉಲ್ಲಂಘನೆ ಎಂದರೆ ಸಾಕಲ್ಲವೇ?

ಉತ್ತರ 4

ಸಹೋದರರೇ, ಈ ಮಾತನ್ನು ನಾನು ಒಪ್ಪಲಾರೆ. ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯದಲ್ಲಿ ಪೇತ್ರನು ಕಂಡ ಜೋಳಿಗೆಯಲ್ಲಿ ಆಕಾಶದ ಹಕ್ಕಿಗಳೂ ಇದ್ದವು, ದೇವರು ಶುದ್ಧಿಮಾಡಿದ್ದನ್ನು ಹೊಲೆಯೆನ್ನಬಾರದೆಂಬ ಮಾತೂ ಕೇಳಿಸಿತು. ಹಂದಿಮಾಂಸ ತಿನ್ನುವ ವಿಶ್ವಾಸಿಗಳಿಗೆ ಈ ಹಕ್ಕಿಯ ವಿಷಯದಲ್ಲಿ ಮಾತ್ರ ಮೋಶೆಯ ಆಹಾರನಿಯಮವನ್ನು ಹೇರುವುದು ನ್ಯಾಯವಲ್ಲ.

ಅಲ್ಲಿ ನಡೆದದ್ದನ್ನು ಮೊದಲು ನೋಡೋಣ. 2011ರ ಜನಗಣತಿಯಂತೆ ನಾಗಾಲ್ಯಾಂಡಿನಲ್ಲಿ ನೂರಕ್ಕೆ ಸುಮಾರು 88 ಮಂದಿ ಕ್ರೈಸ್ತರು, ಅವರಲ್ಲಿ ಹೆಚ್ಚಿನವರು ಬ್ಯಾಪ್ಟಿಸ್ಟರು. ವೋಖಾ ಜಿಲ್ಲೆಯ ದೋಯಾಂಗ್ ಜಲಾಶಯದಲ್ಲಿ ಲೋಥಾ ನಾಗಾ ಬುಡಕಟ್ಟಿನವರ ಹೊಲಗಳು ಮುಳುಗಿದ ಮೇಲೆ ಹಲವರು ಮೀನು ಹಿಡಿದು ಬದುಕಿದರು. ದಡದ ಮರಗಳಲ್ಲಿ ಹಕ್ಕಿಗಳು ಕಿಕ್ಕಿರಿದು ತಂಗತೊಡಗಿದಾಗ ಆ ಮೀನುಬಲೆಗಳನ್ನೇ ಅವುಗಳಿಗೆ ಒಡ್ಡಿದರು. 2012ರ ಒಂದೇ ಋತುವಿನಲ್ಲಿ 1,20,000ರಿಂದ 1,40,000 ಹಕ್ಕಿಗಳು ಸತ್ತವೆಂದು ಅಂದಾಜಿಸಲಾಯಿತು. ಮಾಂಸ ಮಾರಿ ಬಂದ ಹಣ ಮನೆ ನಡೆಸಿತು. ಹಸಿವು ಹಾಗೂ ಸಾಲದ ಈ ಪಾಲನ್ನು ಮುಚ್ಚಿಟ್ಟು ಅವರನ್ನು ಕ್ರೂರಿಗಳೆಂದು ಮಕ್ಕಳಿಗೆ ಹೇಳಬೇಡಿರೆಂದು ಬೇಡಿಕೊಳ್ಳುತ್ತೇನೆ.

ಆದರೂ ಅದು ತಪ್ಪೇ, ಕಾರಣ ಬೇರೆ. ಧರ್ಮೋಪದೇಶಕಾಂಡ 22:6-7ರಂತೆ ಗೂಡು ಕಂಡವನು ಮರಿಗಳನ್ನು ತೆಗೆದುಕೊಳ್ಳಬಹುದು, ತಾಯಿಯನ್ನು ಬಿಟ್ಟುಬಿಡಬೇಕು. ತಿನ್ನಲು ಅನುಮತಿಯಿದ್ದರೂ ಸಂತತಿಯ ಬುಡವನ್ನೇ ಕಡಿಯಲು ಅನುಮತಿಯಿಲ್ಲ. ಮರುವರ್ಷ ಮರಿಮಾಡಬೇಕಾದ ಹಕ್ಕಿಗಳನ್ನು ದಾರಿಯಲ್ಲೇ ಬಾಚಿಕೊಳ್ಳುವುದು, ಹೆಚ್ಚಲಿ ಎಂದು ದೇವರು ಕೊಟ್ಟ ಆಶೀರ್ವಾದಕ್ಕೆ ಬಲೆಯೊಡ್ಡಿದಂತೆ. ಇದನ್ನು ಅಲ್ಲಿನವರೇ ಅರಿತರು. ಗ್ರಾಮಸಭೆಗಳು ಬೇಟೆಯನ್ನು ನಿಷೇಧಿಸಿದವು, ಚರ್ಚುಗಳಲ್ಲಿ ಸೃಷ್ಟಿಯ ಪಾಲನೆಯ ಬಗ್ಗೆ ಬೋಧಿಸಲಾಯಿತು, 2013ರಲ್ಲಿ ಅಲ್ಲಿ ಬಲೆಗಳು ಮೇಲೇಳಲಿಲ್ಲ. ಅದೇ ನವೆಂಬರಿನಲ್ಲಿ ವಿಜ್ಞಾನಿಗಳು ಮೂರು ಹಕ್ಕಿಗಳಿಗೆ ಅವುಗಳ ಹಾದಿ ತಿಳಿಸುವ ಉಪಗ್ರಹ ಸಾಧನ ಕಟ್ಟಿ ನಾಗಾ, ವೋಖಾ, ಪಾಂಗ್ತಿ ಎಂದು ಹೆಸರಿಟ್ಟರು. ಪಾಂಗ್ತಿ ಎಂಬುದು ಹಿಂದಿನ ವರ್ಷ ಅತಿಹೆಚ್ಚು ಬೇಟೆ ನಡೆದ ಹಳ್ಳಿಗಳಲ್ಲಿ ಒಂದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಆಹಾರನಿಯಮದ ಸುಲಭದ ಉತ್ತರವನ್ನೇ ನಾನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ, ಈಗ ಅದನ್ನು ಬಿಟ್ಟಿದ್ದೇನೆ. ಮುಂದಿನ ವಾರ ಧರ್ಮೋಪದೇಶಕಾಂಡದ ಆ ಎರಡು ವಚನಗಳನ್ನು ಆ ಹುಡುಗಿಯಿಂದಲೇ ಓದಿಸಿ, ಗೋಡೆಯ ಭೂಪಟದಲ್ಲಿ ಪಾಂಗ್ತಿಯಿಂದ ಸೊಮಾಲಿಯದ ಕರಾವಳಿಯವರೆಗೆ ಮಕ್ಕಳ ಕೈಯಿಂದ ದಾರವನ್ನು ಕಟ್ಟಿಸುತ್ತೇನೆ.