ಸ್ಪಿಟ್‌ಫೈರ್‌ ಕಾರಿನ ಟ್ರನಿಯನ್‌ಗೆ ಎಣ್ಣೆಯೋ, ಗ್ರೀಸೋ?

ಮಿಡ್‌ಲ್ಯಾಂಡ್ಸ್ ಮಲೆನಾಡಿಗ:
ಕೋವೆಂಟ್ರಿಯ ಕ್ಯಾನ್ಲಿ ಕಾರ್ಖಾನೆಯಲ್ಲಿ ತಯಾರಾದ 1978ರ ಟ್ರಯಂಫ್ ಸ್ಪಿಟ್‌ಫೈರ್ 1500 ಕಾರೊಂದನ್ನು ಕೊಂಡಿದ್ದೇನೆ. ಅದೇ ಊರಿನಲ್ಲಿರುವ ನನ್ನ ಮನೆಯ ಗ್ಯಾರೇಜಿನಲ್ಲಿಯೇ ಅದರ ನಿರ್ವಹಣೆ ಮಾಡಬೇಕೆಂಬುದು ನನ್ನ ಇಚ್ಛೆ. ಬಾನೆಟ್ ಮಡ್‌ಗಾರ್ಡ್‌ಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಮುಂದಿನ ಚಕ್ರದ ಮೇಲೆ ಕುಳಿತುಕೊಂಡೇ ಎಂಜಿನ್ನಿನ ಕೆಲಸ ಮಾಡಬಹುದು. ಆ ಬಗ್ಗೆ ನನಗೆ ಅಳುಕಿಲ್ಲ. ಪ್ರಶ್ನೆಯಿರುವುದು ಮುಂದಿನ ಸಸ್ಪೆನ್ಷನ್ನಿನ ಟ್ರನಿಯನ್ ಕುರಿತು. ಚಕ್ರವನ್ನು ಹೊತ್ತಿರುವ ವರ್ಟಿಕಲ್ ಲಿಂಕ್‌ನ ಕೆಳತುದಿಯಲ್ಲಿ ಥ್ರೆಡ್ ಇದ್ದು, ಅದು ಹಿತ್ತಾಳೆ ಜಾತಿಯ ಲೋಹದ ಟ್ರನಿಯನ್ ಒಳಗೆ ಕುಳಿತಿರುತ್ತದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಅದರೊಳಗೆ ತಿರುಗುತ್ತದೆ. ಕಂಪನಿಯ ಕೈಪಿಡಿ ಈ ಜಾಗಕ್ಕೆ 6,000 ಮೈಲಿಗೊಮ್ಮೆ ಹೈಪಾಯ್ಡ್ ಗೇರ್ ಆಯಿಲ್ ಹಾಕಬೇಕೆನ್ನುತ್ತದೆ. ಕಾರು ಮಾರಿದವರೋ, ತಾವು ಯಾವಾಗಲೂ ಗ್ರೀಸನ್ನೇ ತುಂಬುತ್ತಿದ್ದುದಾಗಿ ಹೇಳಿದರು. ಯಾವುದನ್ನು ನಂಬಲಿ? ಇದು ಮನೆಯಲ್ಲಿ ಮಾಡತಕ್ಕ ಕೆಲಸವೇ?

ಅಬಿಂಗ್ಡನ್ ಅಭಿಮಾನಿ:
ಗ್ರೀಸನ್ನೇ ಹಾಕಿ. ನನ್ನದು ಎಂಜಿಬಿ ಕಾರು. ಅದರ ಕಿಂಗ್‌ಪಿನ್‌ಗಳಿಗೆ (ಮುಂದಿನ ಚಕ್ರ ತಿರುಗಲು ಆಧಾರವಾದ ಗೂಟಗಳಿಗೆ) 3,000 ಮೈಲಿಗೊಮ್ಮೆ ಗ್ರೀಸ್ ಹೊಡೆಯಬೇಕೆಂದು ಅದರ ಕೈಪಿಡಿಯೇ ಹೇಳುತ್ತದೆ. ಹಾಗೆ ಮಾಡಿಕೊಂಡು ಬಂದಿರುವ ನನಗೆ ಇದುವರೆಗೆ ಯಾವ ತೊಂದರೆಯೂ ಆಗಿಲ್ಲ. ಎಣ್ಣೆ ತೆಳ್ಳಗಿರುವುದರಿಂದ ಒಂದೆರಡು ವಾರದಲ್ಲೇ ಸೋರಿ ನೆಲದ ಪಾಲಾಗುತ್ತದೆ, ಆಮೇಲೆ ಆ ಥ್ರೆಡ್ ಒಣಗಿಕೊಂಡೇ ಓಡಬೇಕಾಗುತ್ತದೆ. ಇನ್ನೊಂದು ಮಾತೂ ಇದೆ. ಇಂದಿನ ಜಿಎಲ್-5 ದರ್ಜೆಯ ಗೇರ್ ಎಣ್ಣೆಗಳಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚಾಗಿರುತ್ತವೆ; ಅವು ಹಿತ್ತಾಳೆ, ಕಂಚುಗಳನ್ನು ತಿನ್ನುತ್ತವೆ ಎಂಬುದು ಗೇರ್‌ಬಾಕ್ಸ್ ಕೆಲಸದವರಿಗೆಲ್ಲ ತಿಳಿದ ಸಂಗತಿ. ಆ ಕಾಲದ ಎಣ್ಣೆಯನ್ನು ನಂಬಿ ಬರೆದ ಕೈಪಿಡಿಯನ್ನು ಇಂದಿನ ಎಣ್ಣೆಗೆ ಅನ್ವಯಿಸುವುದು ಎಷ್ಟು ಸರಿ?

ಮೈಸೂರು ಹೆರಾಲ್ಡ್:
ಅಭಿಮಾನಿಯವರೇ, ತಮ್ಮ ಕಾರಿನ ನಿಯಮವನ್ನು ಈ ಕಾರಿಗೆ ತರಬೇಡಿ. ಎಂಜಿಬಿಯದು ನುಣುಪಾದ ಕಿಂಗ್‌ಪಿನ್. ಬುಷ್‌ಗಳ ನಡುವೆ ತಿರುಗುವ ಅದಕ್ಕೆ ಗ್ರೀಸ್ ಒಪ್ಪುತ್ತದೆ. ಸ್ಪಿಟ್‌ಫೈರ್‌ನದು ಥ್ರೆಡ್. ನಮ್ಮ ಮನೆಯಲ್ಲಿ ಬಹುಕಾಲ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಮದರಾಸಿನಲ್ಲಿ ತಯಾರಾಗುತ್ತಿದ್ದ ಆ ಕಾರು 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಹೆರಾಲ್ಡ್‌ನದೇ ಪಡಿಯಚ್ಚು. 1962ರ ಸ್ಪಿಟ್‌ಫೈರ್ ಕೂಡ ಹೆರಾಲ್ಡ್‌ನ ಭಾಗಗಳ ಮೇಲೆಯೇ ರೂಪುಗೊಂಡದ್ದು. ಆದ್ದರಿಂದ ಈ ಟ್ರನಿಯನ್ ನಮ್ಮ ಕಡೆಯ ಹಳೆಯ ಮೆಕ್ಯಾನಿಕ್‌ಗಳಿಗೂ ಹೊಸತಲ್ಲ. ಕಾರನ್ನು ಸರ್ವೀಸಿಗೆ ಬಿಟ್ಟಾಗ ಹುಡುಗರು ಎಲ್ಲ ನಿಪ್ಪಲ್‌ಗಳಿಗೂ (ಗ್ರೀಸ್ ಒತ್ತುವ ಮೂತಿಗಳಿಗೂ) ಒಂದೇ ಗ್ರೀಸ್ ಗನ್ ಹಚ್ಚಿಬಿಡುತ್ತಿದ್ದರು. ಮೇಸ್ತ್ರಿಗಳು ಮಾತ್ರ ಎರಡು ಟ್ರನಿಯನ್‌ಗಳಿಗೆ ಬೇರೆಯ ಗನ್ನಿನಲ್ಲಿ 90 ನಂಬರಿನ ಗೇರ್ ಎಣ್ಣೆ ತುಂಬಿಟ್ಟುಕೊಂಡಿರುತ್ತಿದ್ದರು. ಗ್ರೀಸ್ ಕಂಡ ಹೆರಾಲ್ಡ್‌ನ ಸ್ಟೇರಿಂಗ್ ಕ್ರಮೇಣ ಬಿಗಿಯಾಗುತ್ತಿತ್ತು, ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ.

ಲೋಹವಿದ್ಯೆ:
ಇದರ ಹಿಂದಿನ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಣ್ಣೆಗೆ ಇಲ್ಲಿರುವ ಕೆಲಸ ಸವೆತ ತಡೆಯುವುದೊಂದೇ ಅಲ್ಲ. ಲಿಂಕ್ ಉಕ್ಕಿನದು, ಟ್ರನಿಯನ್ ತಾಮ್ರದ ಮಿಶ್ರಲೋಹದ್ದು. ರಸ್ತೆಯ ನೀರು ಮೇಲಿನ ರಬ್ಬರ್ ಸೀಲ್ ದಾಟಿ ಒಳಗಿಳಿದರೆ, ಅದರಲ್ಲೂ ಬ್ರಿಟನ್ನಿನ ಚಳಿಗಾಲದ ಉಪ್ಪುನೀರಾಗಿದ್ದರೆ, ಈ ಎರಡು ಲೋಹಗಳ ನಡುವೆ ವಿದ್ಯುತ್‌ರಾಸಾಯನಿಕ ಕ್ರಿಯೆ ಶುರುವಾಗುತ್ತದೆ ಮತ್ತು ಅದರಲ್ಲಿ ತುಕ್ಕು ಹಿಡಿಯುವುದು ಉಕ್ಕಿಗೇ. ಟ್ರನಿಯನ್ ಎಣ್ಣೆಯಿಂದ ತುಂಬಿದ್ದರೆ ನೀರಿಗೆ ಜಾಗವೇ ಇರುವುದಿಲ್ಲ. ಎಣ್ಣೆ ಥ್ರೆಡ್‌ನ ಪ್ರತಿಯೊಂದು ಸುತ್ತಿಗೂ ಹರಿದು ತಲುಪುತ್ತದೆ. ಗ್ರೀಸ್ ಹಾಗೆ ಹರಿಯದು. ಅದು ಸುಲಭದ ದಾರಿ ಹಿಡಿದು ಹೊರಬಂದುಬಿಡುತ್ತದೆ. ಹೊರಬಂದದ್ದನ್ನು ನೋಡಿ ನಾವು ಒಳಗೆಲ್ಲ ತುಂಬಿತೆಂದು ತಿಳಿಯುತ್ತೇವೆ. ಉಳಿದದ್ದು ವರ್ಷಗಳು ಕಳೆದಂತೆ ಒಣಗಿ, ಆಮೇಲೆ ಹಾಕಿದ ಎಣ್ಣೆಗೂ ಅಡ್ಡವಾಗುತ್ತದೆ.

ಈಗ ಅಪಾಯದ ವಿಷಯ. ತುಕ್ಕಿನ ಒಂದೊಂದು ಗುಳಿಯೂ ಥ್ರೆಡ್‌ನ ಬುಡದಲ್ಲಿ ಒತ್ತಡವನ್ನು ಒಂದೇ ಬಿಂದುವಿಗೆ ತಂದು ನಿಲ್ಲಿಸುತ್ತದೆ. ಅಲ್ಲಿ ಹುಟ್ಟಿದ ಬಿರುಕು ಹೊರಗಿನಿಂದ ಕಾಣದಂತೆ ಬೆಳೆದು, ಲಿಂಕ್ ಟ್ರನಿಯನ್‌ನ ಬಾಯಿಯ ಹತ್ತಿರ ಒಂದು ದಿನ ತುಂಡಾಗುತ್ತದೆ, ಚಕ್ರ ಕಾರಿನ ಕೆಳಗೆ ಮಡಚಿಕೊಳ್ಳುತ್ತದೆ. ನಿಲ್ಲಿಸುವ ಜಾಗದಲ್ಲಿ ಸ್ಟೇರಿಂಗ್ ಬಲವಾಗಿ ತಿರುಗಿಸುವಾಗ ಮುರಿದರೆ ಅದೃಷ್ಟ. ಮೋಟಾರ್‌ವೇಯಲ್ಲಿ ಮುರಿದರೆ ಹೇಳಬೇಕಾಗಿಲ್ಲ. ಲೋಟಸ್ ಎಲಾನ್ ಕೂಡ ಟ್ರಯಂಫ್‌ನ ಇದೇ ಲಿಂಕ್‌ಗಳನ್ನು ಬಳಸಿತ್ತು, ಹಾಗಾಗಿ ವಿನ್ಯಾಸವೇ ಕೆಟ್ಟದ್ದೆಂದು ನಾನು ಹೇಳಲಾರೆ. ಆರೈಕೆಯನ್ನು ಮರೆತರೆ ಕ್ಷಮಿಸದ ವಿನ್ಯಾಸವೆನ್ನುತ್ತೇನೆ.

ಜಿಎಲ್-5 ಕುರಿತ ಆಕ್ಷೇಪದಲ್ಲಿ ಹುರುಳಿದೆ, ಆದರೆ ಇಲ್ಲಿ ಅದಕ್ಕೆ ತೂಕ ಕಡಿಮೆ. ಆ ಸಂಯುಕ್ತಗಳು ಲೋಹವನ್ನು ತಿನ್ನುವುದು ಗೇರ್‌ಬಾಕ್ಸ್‌ನಂತೆ ಬಿಸಿ ಏರುವ ಜಾಗದಲ್ಲಿ. ಟ್ರನಿಯನ್ ತಣ್ಣಗೇ ಇರುತ್ತದೆ. ಸಂಶಯವಿದ್ದವರು ಆ ಸಂಯುಕ್ತಗಳು ಕಡಿಮೆಯಿರುವ ಜಿಎಲ್-4 ದರ್ಜೆಯ ಎಣ್ಣೆ ಕೊಂಡರೆ ವಾದ ಅಲ್ಲಿಗೇ ನಿಲ್ಲುತ್ತದೆ.

ಅಬಿಂಗ್ಡನ್ ಅಭಿಮಾನಿ:
ಥ್ರೆಡ್‌ಗೂ ಕಿಂಗ್‌ಪಿನ್‌ಗೂ ಇರುವ ವ್ಯತ್ಯಾಸವನ್ನು ಒಪ್ಪುತ್ತೇನೆ. ಸೋರುವಿಕೆಯ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ. ಗಟ್ಟಿ ಗ್ರೀಸ್ ಬೇಡವೆಂದಾದರೆ, ಹರಿಯುವಷ್ಟು ತೆಳುವಾದ ಅರೆದ್ರವ ಗ್ರೀಸ್ ಏಕಾಗಬಾರದು? ವರ್ಷಕ್ಕೆ ಸಾವಿರ ಮೈಲಿಯೂ ಓಡದೆ ತಿಂಗಳುಗಟ್ಟಲೆ ನಿಂತೇ ಇರುವ ಕಾರಿನಲ್ಲಿ, ಒಳಗೆ ಉಳಿಯುವ ವಸ್ತುವೇ ಮೇಲಲ್ಲವೇ?

ಲೋಹವಿದ್ಯೆ:
ಎಣ್ಣೆ ಬೇಗ ಖಾಲಿಯಾಗುತ್ತಿದ್ದರೆ ಟ್ರನಿಯನ್‌ನ ತಳದಲ್ಲಿರುವ ಮುಚ್ಚಳ ಸಡಿಲವಾಗಿದೆ ಎಂದರ್ಥ. ಅದಕ್ಕೆ ಮದ್ದು ಹೊಸ ಟ್ರನಿಯನ್. ದಪ್ಪದ್ದನ್ನು ತುಂಬಿ ಆ ದೋಷವನ್ನು ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. ಮೇಲ್ಭಾಗದಲ್ಲಿ ತುಸು ಜಿನುಗಿದರೆ ಅದು ಒಳ್ಳೆಯದೇ. ಅರೆದ್ರವ ಗ್ರೀಸ್ ಬಳಸಿ ಚೆನ್ನಾಗಿ ನಡೆಸಿಕೊಂಡವರಿದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವರ ಯಶಸ್ಸಿಗೆ ಕಾರಣ ಆ ಗ್ರೀಸೋ, ಅಥವಾ ಅವರು ವರ್ಷಕ್ಕೊಮ್ಮೆ ತಪ್ಪದೆ ಕಾರಿನಡಿ ನುಸುಳುವುದೋ ಎಂಬ ಸಂಶಯ ನನಗಿದೆ. ಕಡಿಮೆ ಓಡುವ ಕಾರಿಗೆ ಮೈಲಿಯ ಲೆಕ್ಕ ಬೇಡ; ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ, ಎಣ್ಣೆ ತುಂಬಿದರೆ ಸರಿ.

ಮೈಸೂರು ಹೆರಾಲ್ಡ್:
ಎಣ್ಣೆ ತುಂಬುವ ಕೆಲಸ ಮನೆಯಲ್ಲೇ ಆಗುತ್ತದೆ. ಮುಂಭಾಗವನ್ನು ಜಾಕ್ ಕೊಟ್ಟು ಎತ್ತಿ, ಚಾಸಿಗೆ ಆಕ್ಸಲ್ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಟ್ರನಿಯನ್‌ನಲ್ಲಿ ನಿಪ್ಪಲ್ ಬದಲು ಪ್ಲಗ್ ಇದ್ದರೆ ಅದನ್ನು ತೆಗೆದು ನಿಪ್ಪಲ್ ಹಾಕಿಕೊಳ್ಳಿ. ಚಕ್ರ ನೇತಾಡುತ್ತಿರುವಾಗ ಗನ್ನಿನಿಂದ ಎಣ್ಣೆ ಒತ್ತುತ್ತಾ, ಇನ್ನೊಬ್ಬರಿಂದ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಮೇಲಿನ ಸೀಲ್‌ನಿಂದ ಹೊಸ ಎಣ್ಣೆ ಬರುವವರೆಗೆ ನಿಲ್ಲಿಸಬೇಡಿ. ಗ್ರೀಸ್ ಗನ್ನಿನಲ್ಲಿ ಎಣ್ಣೆ ನಿಲ್ಲುವುದಿಲ್ಲ, ಕೈಯೆಲ್ಲ ರಾಡಿಯಾಗುತ್ತದೆ. ಹಳೆಯ ಬಟ್ಟೆ ಸಾಕಷ್ಟಿರಲಿ.

ಅಬಿಂಗ್ಡನ್ ಅಭಿಮಾನಿ:
ಎಣ್ಣೆಯ ವಾದವನ್ನು ಮುಂದುವರಿಸುವುದಿಲ್ಲ, ಆದರೆ ಎಲ್ಲವನ್ನೂ ಮನೆಯಲ್ಲೇ ಮಾಡುವ ಉತ್ಸಾಹಕ್ಕೆ ಒಂದು ಕಡಿವಾಣವಿರಲಿ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, 40 ವರ್ಷ ದಾಟಿದ ಮತ್ತು ಗಣನೀಯವಾಗಿ ಮಾರ್ಪಡಿಸದ ಕಾರುಗಳಿಗೆ ವಾರ್ಷಿಕ ಎಂಒಟಿ (ರಸ್ತೆಯೋಗ್ಯತೆಯ) ತಪಾಸಣೆ ಕಡ್ಡಾಯವಲ್ಲ. ಹಾಗೆಂದು ತಪಾಸಣೆಯನ್ನೇ ಬಿಡುವುದು ತರವಲ್ಲ. ಸ್ವಇಚ್ಛೆಯಿಂದ ಮಾಡಿಸಿ, ನಾವೇ ಮಾಡಿದ ಕೆಲಸವನ್ನು ಇನ್ನೊಬ್ಬರು ನೋಡಬೇಕು.

ಲೋಹವಿದ್ಯೆ:
ಮಾಡಿಸಲಿ, ಬ್ರೇಕು, ಬಾಗಿಲಡಿಯ ಸಿಲ್‌ಗಳ ತುಕ್ಕು ಗೊತ್ತಾಗುತ್ತದೆ. ಆದರೆ ತಪಾಸಕರು ಟ್ರನಿಯನ್ ಬಿಚ್ಚಿ ನೋಡುವುದಿಲ್ಲ. ಚಕ್ರ ಅಲುಗಿಸಿದಾಗ ಸಡಿಲವಿಲ್ಲವೆಂದರೆ ಥ್ರೆಡ್ ಸವೆದಿಲ್ಲ ಎನ್ನಬಹುದೇ ಹೊರತು ಒಳಗೆ ಬಿರುಕಿಲ್ಲ ಎನ್ನಲಾಗದು. ಗ್ರೀಸ್ ತುಂಬಿಕೊಂಡೇ ಬಂದ ಕಾರಾದ್ದರಿಂದ, ಈ ಒಂದು ಸಲ ಎರಡೂ ಲಿಂಕ್‌ಗಳನ್ನು ಹೊರತೆಗೆದು ನೋಡಲೇಬೇಕು.

ಮಿಡ್‌ಲ್ಯಾಂಡ್ಸ್ ಮಲೆನಾಡಿಗ:
ಎಲ್ಲರಿಗೂ ವಂದನೆಗಳು. ಓಡಿಸುವುದನ್ನು ಸದ್ಯಕ್ಕೆ ನಿಲ್ಲಿಸಿ, ಎರಡು ಲಿಂಕ್‌ಗಳನ್ನೂ ಬಿಚ್ಚುತ್ತೇನೆ. ಹೊಸ ಟ್ರನಿಯನ್, ನೈಲಾನ್ ಬುಷ್, ಸೀಲ್‌ಗಳನ್ನು ತರಿಸುತ್ತಿದ್ದೇನೆ. ಹಳೆಯ ಲಿಂಕನ್ನು ಉಳಿಸಿಕೊಳ್ಳಬಹುದೇ ಎಂದು ನಿರ್ಧರಿಸುವುದು ಹೇಗೆ?

ಲೋಹವಿದ್ಯೆ:
ಥ್ರೆಡ್ ಪೂರ್ತಿ ತೊಳೆದು, ಬೆಳಕಿನಲ್ಲಿ ಹಿಡಿದು, ಟ್ರನಿಯನ್‌ನಿಂದ ಹೊರಬರುವ ಮೇಲಿನ ಸುತ್ತುಗಳನ್ನು ಭೂತಗನ್ನಡಿಯಿಂದ ನೋಡಿ. ಮೇಲ್ಮೈಯ ಬಣ್ಣ ಬದಲಾಗಿದ್ದರೆ ಚಿಂತೆಯಿಲ್ಲ. ಉಗುರಿಗೆ ತಗಲುವಂಥ ಗುಳಿ ಒಂದಿದ್ದರೂ ಆ ಲಿಂಕನ್ನು ಬದಲಿಸಿ. ಗುಳಿ ಕಾಣದಿದ್ದರೂ, ಬಿರುಕು ತೋರಿಸುವ ಬಣ್ಣದ ದ್ರಾವಣ ಹಚ್ಚಿ ಪರೀಕ್ಷಿಸಿಯೇ ಮರಳಿ ಜೋಡಿಸಿ.

ಮೈಸೂರು ಹೆರಾಲ್ಡ್:
ಭಾಗಗಳನ್ನು ತರಿಸುವಾಗ ಒಂದು ಎಚ್ಚರಿಕೆ. ಒಂದು ಕಡೆಯದು ಬಲ ಥ್ರೆಡ್, ಇನ್ನೊಂದು ಕಡೆಯದು ಎಡ ಥ್ರೆಡ್. ಬಿಚ್ಚಿದ ಕೂಡಲೇ ಗುರುತು ಹಾಕಿ ಬೇರೆಬೇರೆ ಡಬ್ಬಿಗಳಲ್ಲಿಡಿ. ಸ್ಪ್ರಿಂಗನ್ನು ಡ್ಯಾಂಪರ್‌ನಿಂದ (ಶಾಕ್ ಅಬ್ಸಾರ್ಬರ್‌ನಿಂದ) ಬೇರ್ಪಡಿಸುವ ಪ್ರಸಂಗ ಬಂದರೆ ಮಾತ್ರ, ಅದನ್ನು ಸ್ಪ್ರಿಂಗ್ ಅದುಮುವ ಸರಿಯಾದ ಕಂಪ್ರೆಸರ್ ಇರುವ ವರ್ಕ್‌ಶಾಪಿಗೆ ಒಯ್ಯಿರಿ.