ಕಾರಿನಲ್ಲಿ 140 ವಾಟ್ ಆಂಪ್ಲಿಫೈಯರ್: ಜೋರಾಗಿ ಮಾತಾಡಿದರೆ ಧ್ವನಿ ಒಡೆಯುತ್ತಿದೆ

ಬೆಣ್ಣೆನಗರಿ ಹ್ಯಾಮ್ (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ನನ್ನ ಹ್ಯಾಮ್ (ಹವ್ಯಾಸಿ) ರೇಡಿಯೋಗೆ ಎರಡು ಎಂಆರ್‌ಎಫ್ 454 ಟ್ರಾನ್ಸಿಸ್ಟರ್ ಹಾಕಿ ಪುಶ್-ಪುಲ್ (ಎರಡೂ ಸರದಿಯಂತೆ ಕೆಲಸ ಮಾಡುವ) ಆಂಪ್ಲಿಫೈಯರ್ ಕಟ್ಟಿದ್ದೇನೆ. ಮೊಟೊರೋಲಾದ ಹಳೆಯ 140 ವಾಟ್ ಸರ್ಕ್ಯೂಟ್. 5 ವಾಟ್ ಸೆಟ್‌ನಿಂದ ಡ್ರೈವ್ (ಒಳಗೆ ಕೊಡುವ ಸಿಗ್ನಲ್). ಮನೆಯಲ್ಲಿ 13.8 ವೋಲ್ಟ್ ಪವರ್ ಸಪ್ಲೈ ಕೊಟ್ಟಾಗ ಡಮ್ಮಿ ಲೋಡ್‌ಗೆ (ಪರೀಕ್ಷೆಗೆ ಆಂಟೆನಾ ಬದಲು ಹಾಕುವ ರೆಸಿಸ್ಟರ್) 130 ವಾಟ್ ಬಂತು. ಆ ದಿನ ತುಂಬಾ ಖುಷಿಯಾಗಿತ್ತು.

ಕಾರಿನ ಡಿಕ್ಕಿಯಲ್ಲಿ ಕೂರಿಸಿದ ಮೇಲೆ ತೊಂದರೆ ಶುರು. 7.1 ಮೆಗಾಹರ್ಟ್ಸ್‌ನಲ್ಲಿ ಮೆಲ್ಲಗೆ ಮಾತಾಡಿದರೆ ಸರಿ. ಸ್ವಲ್ಪ ದನಿ ಏರಿಸಿದರೆ ಒಡೆಯುತ್ತದೆ. ಪಕ್ಕದ ಫ್ರೀಕ್ವೆನ್ಸಿಗೂ ಹರಡುತ್ತಿದೆ ಎಂದು ಚಿತ್ರದುರ್ಗದ ಗೆಳೆಯರು ಹೇಳಿದರು. ಬೇರೆಯವರ ಮಾತಿಗೆ ನಾನು ಅಡ್ಡ ಬರುತ್ತಿದ್ದೇನೆ ಅಂತ ಬಹಳ ಬೇಜಾರಾಯಿತು. ಜೊತೆಗೆ ಐದೇ ನಿಮಿಷದಲ್ಲಿ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಬಿಸಿ. ಟ್ರಾನ್ಸಿಸ್ಟರ್ ಹೋಗಿದೆಯಾ? ಹೊಸ ಜೋಡಿ ದುಬಾರಿ, ನಕಲಿ ಮಾಲಿನ ಭಯ ಬೇರೆ.

ಹಳೇ ಸೋಲ್ಡರ್ (ಚಿತ್ರದುರ್ಗ):
ಟ್ರಾನ್ಸಿಸ್ಟರ್‌ಗೆ ಈಗಲೇ ಕೈ ಹಾಕಬೇಡಿ ತಮ್ಮಾ. ಟೇಬಲ್ ಮೇಲೆ ಸರಿಯಿತ್ತು, ಕಾರಿನಲ್ಲಿ ಕೆಟ್ಟಿತು. ನಡುವೆ ಬದಲಾದದ್ದು ಏನು? ಕರೆಂಟ್ ಬರುವ ದಾರಿ. ಯಾವ ವೈರ್ ಎಳೆದಿದ್ದೀರಿ? ಕಾರಿನಲ್ಲೇ ಡಮ್ಮಿ ಲೋಡ್ ಹಾಕಿದರೂ ಒಡೆಯುತ್ತದಾ?

ಬೆಣ್ಣೆನಗರಿ ಹ್ಯಾಮ್:
ಡಮ್ಮಿ ಲೋಡ್‌ನಲ್ಲೂ ಹಾಗೇ ಸರ್. ವೈರ್ ಮನೆಗೆ ಹಾಕುವ 2.5 ಚದರ ಮಿಲಿಮೀಟರ್‌ನದು. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್, ಪ್ಲಸ್ ಮೈನಸ್ ಎರಡೂ. ಕುಂದವಾಡ ಕೆರೆ ಹತ್ತಿರ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಮಾತಾಡುತ್ತೇನೆ.

ಹಳೇ ಸೋಲ್ಡರ್:
ಹಾಗಿದ್ದರೆ ಆಂಟೆನಾ ಮೇಲಿನ ಅನುಮಾನ ಬಿಡಿ. ವೈರಿನ ಲೆಕ್ಕ ನೋಡಿ. 2.5ರ ತಾಮ್ರದ ವೈರ್ ಮೀಟರಿಗೆ ಸುಮಾರು 7.4 ಮಿಲಿಓಮ್. ಹೋಗಿ ಬರುವ ದಾರಿ 10 ಮೀಟರ್, ಅಂದರೆ 0.074 ಓಮ್. ನಿಮ್ಮ ಆಂಪ್ಲಿಫೈಯರ್ ಪೂರ್ತಿ ಪವರ್‌ನಲ್ಲಿ ಹತ್ತಿರ ಹತ್ತಿರ 20 ಆಂಪಿಯರ್ ಎಳೆಯುತ್ತದೆ. ವೈರಿನಲ್ಲೇ 1.5 ವೋಲ್ಟ್ ಹೋಯಿತು. ಫ್ಯೂಸ್ ಹೋಲ್ಡರ್, ಬೋಲ್ಟು ಬೇರೆ. ವೋಲ್ಟೇಜ್ ಕಮ್ಮಿಯಾದರೆ ಧ್ವನಿಯ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಪಕ್ಕಕ್ಕೆ ಹರಡುವುದು ಅದರಿಂದಲೇ.

ಡಮ್ಮಿ ಲೋಡ್ ಹಾಕಿ, ಸೆಟ್‌ನ ಮೋರ್ಸ್ ಕೀ ಒತ್ತಿ ಐದು ಸೆಕೆಂಡ್ ಬಿಡಿ. ಬ್ಯಾಟರಿ ಟರ್ಮಿನಲ್‌ನಲ್ಲಿ ಒಮ್ಮೆ, ಆಂಪ್ಲಿಫೈಯರ್ ಟರ್ಮಿನಲ್‌ನಲ್ಲಿ ಒಮ್ಮೆ ಅಳೆಯಿರಿ. ಮಾತಾಡುತ್ತಾ ಅಳೆದರೆ ಡಿಜಿಟಲ್ ಮೀಟರ್ ಸರಾಸರಿ ತೋರಿಸಿ ಮೋಸ ಮಾಡುತ್ತದೆ.

ಡಿಕ್ಕಿ ರೇಡಿಯೋ:
ಆಂಪ್ಲಿಫೈಯರ್ ಹತ್ತಿರ 10,000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿದರೆ ಸಾಕಲ್ವಾ?

ಹಳೇ ಸೋಲ್ಡರ್:
ಸಾಕಾಗುವುದಿಲ್ಲ. 20 ಆಂಪಿಯರ್ ಕೇವಲ 10 ಮಿಲಿಸೆಕೆಂಡ್ ಅದರಿಂದಲೇ ಎಳೆದರೆ ಲೆಕ್ಕದಲ್ಲಿ 20 ವೋಲ್ಟ್ ಇಳಿಯಬೇಕು, ಅಂದರೆ ಅಷ್ಟರೊಳಗೆ ಖಾಲಿ. ಒಂದು ಅಕ್ಷರ ಉಚ್ಚರಿಸಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಮೊದಲು ವೈರ್ ದಪ್ಪ ಮಾಡಿ.

ಬೆಣ್ಣೆನಗರಿ ಹ್ಯಾಮ್:
ಅಳೆದೆ. ಕೀ ಒತ್ತಿದಾಗ ಬ್ಯಾಟರಿಯಲ್ಲಿ 12.1, ಆಂಪ್ಲಿಫೈಯರ್‌ನಲ್ಲಿ 10.2 ವೋಲ್ಟ್! ಪವರ್ ಬರೀ 70 ವಾಟ್. ಮೈನಸ್ ಬೋಲ್ಟ್ ಕೆಳಗೆ ಪೇಂಟ್ ಕೂಡ ಹಾಗೇ ಇತ್ತು.

ಹಳೇ ಸೋಲ್ಡರ್:
ಸಿಕ್ಕಿತು. ಪವರ್ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜ್ × ವೋಲ್ಟೇಜ್) ತಕ್ಕಂತೆ ಇಳಿಯುತ್ತದೆ, 13.8ರಿಂದ 10.2ಕ್ಕೆ ಬಂದರೆ 130 ವಾಟ್ 70ರ ಹತ್ತಿರ ಬರಲೇಬೇಕು. ಟ್ರಾನ್ಸಿಸ್ಟರ್ ಚೆನ್ನಾಗಿಯೇ ಇದೆ. 16 ಚದರ ಮಿಲಿಮೀಟರ್ ವೆಲ್ಡಿಂಗ್ ಕೇಬಲ್ ತನ್ನಿ, ಮೆತ್ತಗಿರುತ್ತದೆ, ಎಳೆಯಲು ಸುಲಭ. ಪ್ಲಸ್ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಡಿಕ್ಕಿ ಕಡೆ ಇಟ್ಟರೆ, ಮಧ್ಯೆ ವೈರ್ ಶಾರ್ಟ್ ಆದಾಗ ಕಾರಿಗೇ ಬೆಂಕಿ. ಮೈನಸ್ ಟರ್ಮಿನಲ್ ಮೇಲೆ ಕರೆಂಟ್ ಸೆನ್ಸರ್ ಇರುವ ಗಾಡಿಯಾದರೆ ಮೈನಸ್ ಕೇಬಲ್ಲನ್ನು ಟರ್ಮಿನಲ್‌ಗೆ ಬದಲು ಕಾರಿನ ಲೋಹದ ಮೈಗೆ ಬಿಗಿಯಿರಿ. ಮಾತಾಡುವಾಗ ಎಂಜಿನ್ ಓಡುತ್ತಿರಲಿ.

ಬಿಸಿಯ ವಿಷಯ ಬೇರೆ. ಡ್ರೈವ್ ಕೊಡದೆ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿ, ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಕರೆಂಟ್ ನೋಡಿ. ಬಯಾಸ್ ಡಯೋಡ್ (ಬಿಸಿಯಾದಾಗ ಈ ಕರೆಂಟ್ ಏರದಂತೆ ಹಿಡಿಯುವ ಭಾಗ) ಬಿಸಿಯಾಗುವ ಜಾಗಕ್ಕೆ ಅಂಟಿಕೊಂಡಿದೆಯಾ ಅಂತಲೂ ನೋಡಿ. ಒಂದು ಮಾತು: ಆ ಟ್ರಾನ್ಸಿಸ್ಟರ್‌ಗಳ ಬಿಳಿ ಸೆರಾಮಿಕ್‌ನಲ್ಲಿ ಬೆರಿಲಿಯಂ ಆಕ್ಸೈಡ್ ಇದೆ. ಉಜ್ಜಬೇಡಿ, ಒಡೆಯಬೇಡಿ. ಅದರ ಪುಡಿ ಉಸಿರಿಗೆ ಹೋದರೆ ವಿಷ.

ಬೆಣ್ಣೆನಗರಿ ಹ್ಯಾಮ್ (ಮುಂದಿನ ಭಾನುವಾರ):
ಪಿ.ಬಿ. ರೋಡಿನಲ್ಲಿ ವೆಲ್ಡಿಂಗ್ ಕೇಬಲ್ ಸಿಕ್ಕಿತು. ಪೇಂಟ್ ಕೆರೆದು ಬೋಲ್ಟ್ ಬಿಗಿದೆ. ಎಂಜಿನ್ ಆನ್ ಮಾಡಿ ಕೀ ಒತ್ತಿದರೆ ಈಗ ಆಂಪ್ಲಿಫೈಯರ್‌ನಲ್ಲಿ 13.5 ವೋಲ್ಟ್, 125 ವಾಟ್. ಬಯಾಸ್ ವಿಷಯದಲ್ಲೂ ನೀವು ಹೇಳಿದ್ದೇ ಸರಿ. ತಣ್ಣಗಿದ್ದಾಗ 200 ಮಿಲಿಆಂಪಿಯರ್ ಇದ್ದದ್ದು ಬಿಸಿಯಾದ ಮೇಲೆ 850ಕ್ಕೆ ಏರಿತ್ತು. ಡಯೋಡ್ ಗಾಳಿಯಲ್ಲಿ ನಿಂತಿತ್ತು. ಪೇಸ್ಟ್ ಹಚ್ಚಿ ಟ್ರಾನ್ಸಿಸ್ಟರ್ ಪಕ್ಕಕ್ಕೇ ಒತ್ತಿ ಕೂರಿಸಿದೆ. ಈಗ 260 ದಾಟುವುದಿಲ್ಲ. ಫ್ಯಾನ್ ಕೂಡ ಹಾಕಿದ್ದೇನೆ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಡಿಕ್ಕಿ ಒಲೆ ಇದ್ದಹಾಗೆ ಇರುತ್ತದೆ, ಅಲ್ವಾ.

ಹಳೇ ಸೋಲ್ಡರ್:
ಬೆಳಿಗ್ಗೆ ನಿಮ್ಮ ಧ್ವನಿ ಕೇಳಿದೆ, ಶುದ್ಧವಾಗಿತ್ತು. 3 ಕಿಲೋಹರ್ಟ್ಸ್ ಪಕ್ಕಕ್ಕೆ ತಿರುಗಿಸಿದೆ, ಅಲ್ಲಿ ಏನೂ ಕೇಳಲಿಲ್ಲ. ಲೋ-ಪಾಸ್ ಫಿಲ್ಟರ್ (ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವುದು) ಹಾಕಿದ್ದೀರಿ ತಾನೇ? ನಿಮ್ಮ ಮೂರನೇ ಹಾರ್ಮೋನಿಕ್ (7.1ರ ಮೂರು ಪಟ್ಟು) 21.3 ಮೆಗಾಹರ್ಟ್ಸ್, ಅದೂ ನಮ್ಮ ಹ್ಯಾಮ್‌ಗಳದೇ ಬ್ಯಾಂಡ್.

ಬೆಣ್ಣೆನಗರಿ ಹ್ಯಾಮ್:
ಹಾಕಿದ್ದೇನೆ ಸರ್. ಬುಧವಾರ ಹೈವೇಯಲ್ಲಿ ದುರ್ಗದ ಕಡೆ ಬರುತ್ತಿದ್ದೇನೆ, ಗಾಡಿ ಪಕ್ಕಕ್ಕೆ ನಿಲ್ಲಿಸಿ 7.1ರಲ್ಲಿ ಕರೆಯುತ್ತೇನೆ. 73 (ಹ್ಯಾಮ್ ಭಾಷೆಯಲ್ಲಿ ಶುಭಾಶಯ).